ಕೆಂಡದ ವೇಗವನ್ನು ಕೇಳದೆ ಕಾಡಿನ ಇದ್ದಿಲಿಗೆ ಒಪ್ಪಿಗೆ ಬೇಡ

ರಾತ್ರಿಯ ಅಡುಗೆ ಮುಗಿದ ಮೇಲೆ ಒಲೆಯಲ್ಲಿ ಉಳಿದ ಕೆಂಡವನ್ನು ಬೂದಿಯಿಂದ ಮುಚ್ಚಿಡುವುದು ನಮ್ಮ ಗುಡ್ಡದೂರುಗಳ ಹಳೆಯ ವಾಡಿಕೆ. ಬೆಳಗಿನ ಜಾವ ಬೂದಿಯನ್ನು ಕೆದಕಿ, ಒಂದು ಹಿಡಿ ತರಗು ಇಟ್ಟು ಊದಿದರೆ ಬೆಂಕಿ ಮತ್ತೆ ಏಳುತ್ತದೆ. ಬೂದಿಯ ಪದರದೊಳಗಿಂದ ಗಾಳಿಯ ಆಮ್ಲಜನಕ ಕೆಂಡದ ಮೈಯನ್ನು ಮುಟ್ಟುವುದು ತಡವಾಗುತ್ತದೆ. ಮುಟ್ಟಿದಷ್ಟೇ ಇಂಗಾಲ ಉರಿಯುತ್ತದೆ. ಹುಟ್ಟಿದ ಶಾಖ ಹೊರಗೆ ಹೋಗದಂತೆ ಅದೇ ಬೂದಿ ಕಾಯುತ್ತದೆ. ಬಯಲಿನಲ್ಲಿ ಬೇಗನೆ ಮುಗಿದುಹೋಗುವ ಕೆಂಡ ಹೀಗೆ ಇಡೀ ರಾತ್ರಿ ಬಾಳುತ್ತದೆ. 'ಬೂದಿ ಮುಚ್ಚಿದ ಕೆಂಡ' ಎಂಬ ನುಡಿಗಟ್ಟನ್ನು ಬಳಸುವ ನಾವೆಲ್ಲರೂ, ಅನಿಲಕ್ಕೂ ಘನ ಇಂಗಾಲಕ್ಕೂ ನಡೆಯುವ ಕ್ರಿಯೆಯ ವೇಗವನ್ನು ತಗ್ಗಿಸಬಹುದು, ಹೆಚ್ಚಿಸಬಹುದು ಎಂಬ ಸತ್ಯವನ್ನು ಬಲ್ಲವರೇ ಆಗಿದ್ದೇವೆ.

ಈ ವೇಗವನ್ನು ಅಳೆದು, ಅದರ ಕಾರಣಗಳನ್ನು ಹುಡುಕುವ ಶಾಸ್ತ್ರಕ್ಕೆ ರಾಸಾಯನಿಕ ಚಲನವಿಜ್ಞಾನವೆಂದು ಹೆಸರು. ಅದು ಕಾಲೇಜಿನ ಪಠ್ಯಪುಸ್ತಕದಲ್ಲಿ ಪರೀಕ್ಷೆಯ ಅಂಕಗಳಿಗಾಗಿ ಓದಿ ಮರೆಯುವ ಅಧ್ಯಾಯವಾಗಿ ಉಳಿದಿರುವುದು ವಿಷಾದದ ಸಂಗತಿ. ಏಕೆಂದರೆ ಕಾಡಿನ ಲಂಟಾನವನ್ನು ಕಡಿದು ಇದ್ದಿಲು ಮಾಡೋಣ, ಆ ಇದ್ದಿಲನ್ನು ಹೊಲಕ್ಕೆ ಹಾಕಿ ಇಂಗಾಲವನ್ನು ನೆಲದಲ್ಲಿ ಹೂತಿಡೋಣ, ಇಲ್ಲವೇ ಅನಿಲ ಮಾಡಿ ವಿದ್ಯುತ್ತು ಪಡೆಯೋಣ ಎಂಬ ಸಲಹೆಗಳು ಇಂದು ಕಾಡಂಚಿನ ಊರುಗಳ ಮುಂದೆ ಬರುತ್ತಿವೆ. ಇವುಗಳಲ್ಲಿ ಯಾವುದು ನಿಜವಾಗಿ ನಡೆಯುತ್ತದೆ, ಯಾವುದು ಕಾಗದದ ಮೇಲೆ ಮಾತ್ರ ನಡೆಯುತ್ತದೆ ಎಂಬುದನ್ನು ತೀರ್ಮಾನಿಸುವುದು ಕ್ರಿಯೆಯ ವೇಗವೇ. ಆದುದರಿಂದ, ನಮ್ಮ ಗಿಡದ ಇದ್ದಿಲಿನ ಮೇಲೆ ಆ ವೇಗವನ್ನು ಅಳೆದು ತೋರಿಸುವವರೆಗೆ ಚಾಮರಾಜನಗರ ಮತ್ತು ಗುಂಡ್ಲುಪೇಟೆಯ ಕಾಡಂಚಿನ ಊರುಗಳು ಇಂತಹ ಯಾವ ಯೋಜನೆಗೂ ಒಪ್ಪಿಗೆ ಕೊಡಬಾರದು ಎಂಬುದು ಈ ಬರಹದ ವಾದ.

ನಾಲ್ಕು ಅನಿಲಗಳು, ನಾಲ್ಕು ವೇಗಗಳು

ಒಣ ಸೌದೆಯನ್ನು ಕಾಯಿಸಿದಾಗ ಅದರ ತೂಕದ ಬಹುಪಾಲು ಹೊಗೆಯಾಗಿ, ಆವಿಯಾಗಿ ಹೊರಟುಹೋಗುತ್ತದೆ. ನಾವು ಕಾಣುವ ಜ್ವಾಲೆ ಈ ಹೊಗೆ ಉರಿಯುವುದರಿಂದ ಆದದ್ದು. ಉಳಿಯುವುದು ತೂಕದ ಐದನೆಯ ಒಂದು ಭಾಗದಿಂದ ನಾಲ್ಕನೆಯ ಒಂದು ಭಾಗದಷ್ಟು ಇದ್ದಿಲು. ಅದು ಹೆಚ್ಚುಕಡಿಮೆ ಇಂಗಾಲವೇ ಆದ, ಒಳಗೆ ಅಸಂಖ್ಯ ಸೂಕ್ಷ್ಮ ರಂಧ್ರಗಳಿರುವ ಒಂದು ಘನವಸ್ತು. ಈ ಇಂಗಾಲದೊಡನೆ ಮುಖ್ಯವಾಗಿ ನಾಲ್ಕು ಅನಿಲಗಳು ಕ್ರಿಯೆ ನಡೆಸುತ್ತವೆ. ಆಮ್ಲಜನಕ ಅದನ್ನು ಉರಿಸಿ ಶಾಖ ಕೊಡುತ್ತದೆ. ಇಂಗಾಲದ ಡೈಆಕ್ಸೈಡು ಕಾದ ಇದ್ದಿಲಿನಿಂದ ಇನ್ನೊಂದು ಇಂಗಾಲದ ಪರಮಾಣುವನ್ನು ಸೆಳೆದುಕೊಂಡು ಎರಡು ಅಣು ಇಂಗಾಲದ ಮಾನಾಕ್ಸೈಡು ಆಗುತ್ತದೆ. ನೀರಿನ ಹಬೆ ಇದ್ದಿಲಿನೊಡನೆ ಸೇರಿ ಮಾನಾಕ್ಸೈಡನ್ನೂ ಜಲಜನಕವನ್ನೂ ಕೊಡುತ್ತದೆ. ಜಲಜನಕವು ಇಂಗಾಲದೊಡನೆ ಸೇರಿ ಮೀಥೇನ್ ಆಗುತ್ತದೆ.

ಇವುಗಳ ವೇಗ ಒಂದೇ ಬಗೆಯದಲ್ಲ. 1959ರಲ್ಲಿ ಅಮೆರಿಕದ ವಾಕರ್, ರುಸಿಂಕೊ ಮತ್ತು ಆಸ್ಟಿನ್ ಎಂಬ ವಿಜ್ಞಾನಿಗಳು ಅಲ್ಲಿಯವರೆಗಿನ ಅಳತೆಗಳನ್ನು ಒಟ್ಟುಗೂಡಿಸಿ ಒಂದು ಅಂದಾಜು ಕೊಟ್ಟರು. 800 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ, ವಾಯುಭಾರದ ಹತ್ತನೆಯ ಒಂದರಷ್ಟು ಒತ್ತಡದಲ್ಲಿ, ಇಂಗಾಲದ ಡೈಆಕ್ಸೈಡಿನ ವೇಗವನ್ನು 1 ಎಂದಿಟ್ಟುಕೊಂಡರೆ ಹಬೆಯ ವೇಗ ಸುಮಾರು 3, ಆಮ್ಲಜನಕದ ವೇಗ ಸುಮಾರು 1,00,000, ಜಲಜನಕದ ವೇಗ ಕೇವಲ 0.003. ವಿದ್ಯಾರ್ಥಿಗಳು ಈ ಅಂಕಿಗಳನ್ನು ನೆನಪಿನಲ್ಲಿಡಬೇಕು. ಇದ್ದಿಲು ಸುಡುವವರು ಗೂಡಿಗೆ ಹಸಿ ಮಣ್ಣನ್ನು ಅಷ್ಟು ಎಚ್ಚರದಿಂದ ಮೆತ್ತುವುದೇಕೆ? ಗೂಡಿನ ತುಂಬ ಇಂಗಾಲದ ಡೈಆಕ್ಸೈಡು ಇದ್ದರೂ ಅಲ್ಲಿನ ಉಷ್ಣತೆಯಲ್ಲಿ ಅದು ಇದ್ದಿಲನ್ನು ಹೆಚ್ಚೇನೂ ಸವೆಸುವುದಿಲ್ಲ. ಆದರೆ ಮಣ್ಣಿನಲ್ಲಿ ಒಂದು ಬಿರುಕು ಬಿಟ್ಟು ಆಮ್ಲಜನಕ ನುಗ್ಗಿದರೆ ಬೆಳಗಾಗುವುದರೊಳಗೆ ಇದ್ದಿಲಿನ ಬದಲು ಬೂದಿ ಸಿಗುತ್ತದೆ. ಲಕ್ಷ ಪಟ್ಟಿನ ಅಂತರವೆಂದರೆ ಇದೇ.

ವೇಗವನ್ನು ನಿರ್ಧರಿಸುವ ಎರಡನೆಯ ಸಂಗತಿ ಉಷ್ಣತೆ. ಡೈಆಕ್ಸೈಡಿನ ಕ್ರಿಯೆಯಾಗಲಿ ಹಬೆಯ ಕ್ರಿಯೆಯಾಗಲಿ ಶಾಖವನ್ನು ಕೊಡುವುದಿಲ್ಲ, ಕುಡಿಯುತ್ತವೆ. ಮೊದಲನೆಯದು ಮೋಲ್ ಒಂದಕ್ಕೆ ಸುಮಾರು 172 ಕಿಲೋಜೌಲ್, ಎರಡನೆಯದು ಸುಮಾರು 131 ಕಿಲೋಜೌಲ್ ಶಾಖವನ್ನು ಹೀರುತ್ತವೆ. ಶಾಖ ಒದಗುವುದು ನಿಂತೊಡನೆ ಇದ್ದಿಲು ತಣಿಯುತ್ತದೆ, ತಣಿದೊಡನೆ ಕ್ರಿಯೆ ಮಂದವಾಗುತ್ತದೆ. ಎಷ್ಟು ಮಂದ? ಕ್ರಿಯೆ ಆರಂಭವಾಗಲು ದಾಟಬೇಕಾದ ಶಕ್ತಿಯ ತಡೆಯನ್ನು ಸಕ್ರಿಯಣ ಶಕ್ತಿ ಎನ್ನುತ್ತಾರೆ. ಇದ್ದಿಲು ಮತ್ತು ಡೈಆಕ್ಸೈಡಿನ ಕ್ರಿಯೆಗೆ ಇದು ಸಾಮಾನ್ಯವಾಗಿ 200ರಿಂದ 250 ಕಿಲೋಜೌಲ್ ಎಂದು ಅಳೆದಿದ್ದಾರೆ. 1889ರಲ್ಲಿ ಅರ್ಹೀನಿಯಸ್ ಕೊಟ್ಟ ಸೂತ್ರದಲ್ಲಿ ಈ ಅಂಕಿಗಳನ್ನು ಇಟ್ಟು ಲೆಕ್ಕ ಹಾಕಿದರೆ, 800 ಡಿಗ್ರಿಯಿಂದ 900 ಡಿಗ್ರಿಗೆ ಏರಿದಾಗ ವೇಗ ಏಳರಿಂದ ಹನ್ನೊಂದು ಪಟ್ಟು ಹೆಚ್ಚುತ್ತದೆ. ಹಸಿ ಸೌದೆ ತುಂಬಿದ ಯಂತ್ರದಲ್ಲಿ ನೂರು ಡಿಗ್ರಿ ಕಡಿಮೆಯಾದರೆ ಅಷ್ಟೇ ಪಟ್ಟು ಕುಸಿಯುತ್ತದೆ.

ಮೂರನೆಯದು ತುಂಡಿನ ಗಾತ್ರ. ಉಷ್ಣತೆ ಕಡಿಮೆಯಿದ್ದಾಗ ಅನಿಲವು ಇದ್ದಿಲಿನ ರಂಧ್ರಗಳ ಆಳದವರೆಗೆ ನಿಧಾನವಾಗಿ ಹೊಕ್ಕು, ಒಳಗೂ ಹೊರಗೂ ಸಮನಾಗಿ ಕ್ರಿಯೆ ನಡೆಸುತ್ತದೆ. ಉಷ್ಣತೆ ಏರಿದಂತೆ ಒಳಗೆ ಹೋಗುವುದರೊಳಗಾಗಿಯೇ ಅನಿಲ ಖರ್ಚಾಗುತ್ತದೆ. ಇನ್ನೂ ಏರಿದರೆ ತುಂಡಿನ ಹೊರಮೈಯಲ್ಲಿಯೇ ಎಲ್ಲವೂ ಮುಗಿಯುತ್ತದೆ. ಆಗ ವೇಗವನ್ನು ತೀರ್ಮಾನಿಸುವುದು ರಸಾಯನಶಾಸ್ತ್ರವಲ್ಲ, ಗಾಳಿ ಬಂದು ಸೇರುವ ಬಿರುಸು. ಗುಂಡ್ಲುಪೇಟೆ ಸೀಮೆಯಲ್ಲಿ ಅರಿಶಿನ ಬೇಯಿಸುವ ಒಲೆಯ ಬೂದಿಯನ್ನು ಕೆದಕಿದರೆ ಕಪ್ಪು ಚೂರುಗಳು ಸಿಗುತ್ತವೆ. ಅವು ಗಾಳಿ ಸಾಲದೆಯೋ, ಉರಿಯುವ ಮುನ್ನವೇ ತಣಿದೋ ಉಳಿದುಹೋದ ಇಂಗಾಲ. ಅಂದರೆ ಕಾಡಿನಿಂದ ತಂದು ಚೆಲ್ಲಿದ ಸೌದೆ.

ನಾಲ್ಕನೆಯದು ಇದ್ದಿಲಿನ ಹುಟ್ಟು. ಗಿಡದ ಬೂದಿಯಲ್ಲಿರುವ ಪೊಟ್ಯಾಸಿಯಂ ಮತ್ತು ಕ್ಯಾಲ್ಸಿಯಂ ಈ ಕ್ರಿಯೆಗಳನ್ನು ಚುರುಕುಗೊಳಿಸುತ್ತವೆ. ಎಳೆ ಕೊಂಬೆ, ತೊಗಟೆ, ಎಲೆಗಳಲ್ಲಿ ಇವು ಮರದ ತಿರುಳಿಗಿಂತ ಹೆಚ್ಚು. ಹೆಚ್ಚು ಉಷ್ಣತೆಯಲ್ಲಿ ಸುಟ್ಟ ಇದ್ದಿಲಿನಲ್ಲಿ ಇಂಗಾಲದ ಪರಮಾಣುಗಳು ಒತ್ತಾಗಿ ಓರಣಗೊಂಡಿರುವುದರಿಂದ ಅದು ಮಂದವಾಗಿ ವರ್ತಿಸುತ್ತದೆ. ಕಡಿಮೆ ಉಷ್ಣತೆಯಲ್ಲಿ ಸುಟ್ಟದ್ದು ಚುರುಕು. ಆದ್ದರಿಂದ ಇನ್ನೆಲ್ಲೋ ಇನ್ನಾವುದೋ ಮರದ ಇದ್ದಿಲಿನ ಮೇಲೆ ಅಳೆದ ವೇಗವನ್ನು ತಂದು ನಮ್ಮ ಲಂಟಾನಕ್ಕೆ ಹಚ್ಚುವುದು, ಪಕ್ಕದೂರಿನ ಮಳೆಯ ಲೆಕ್ಕದಲ್ಲಿ ನಮ್ಮ ಹೊಲ ಬಿತ್ತಿದ ಹಾಗೆ.

ಕನ್ನಡ ನಾಡು ಕಂಡ ಇದ್ದಿಲು

ಈ ವಿಷಯ ನಮ್ಮ ರಾಜ್ಯಕ್ಕೆ ಹೊಸದಲ್ಲ. 1923ರಲ್ಲಿ ಉತ್ಪಾದನೆ ಆರಂಭಿಸಿದ ಭದ್ರಾವತಿಯ ಮೈಸೂರು ಕಬ್ಬಿಣದ ಕಾರ್ಖಾನೆ ನಡೆದದ್ದು ಮಲೆನಾಡಿನ ಮರದ ಇದ್ದಿಲಿನಿಂದ. ಊದುಕುಲುಮೆಯೊಳಗೆ ಆಮ್ಲಜನಕವು ಇದ್ದಿಲನ್ನು ಉರಿಸುತ್ತದೆ, ಹುಟ್ಟಿದ ಡೈಆಕ್ಸೈಡು ಕಾದ ಇದ್ದಿಲಿನ ಮೇಲೆ ಹಾದು ಮಾನಾಕ್ಸೈಡಾಗುತ್ತದೆ, ಆ ಮಾನಾಕ್ಸೈಡು ಅದಿರಿನ ಆಮ್ಲಜನಕವನ್ನು ಕಿತ್ತುಕೊಂಡು ಕಬ್ಬಿಣವನ್ನು ಬಿಡಿಸುತ್ತದೆ. ಕುಲುಮೆಯ ಹಸಿವಿಗೆ ತಕ್ಕಂತೆ ಕಾಡು ಕರಗಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲು ಸಿಗದಾದಾಗ, ಹಿಂಬದಿಗೆ ಇದ್ದಿಲಿನ ಒಲೆ ಕಟ್ಟಿಕೊಂಡು ಓಡಿದ ಬಸ್ಸುಗಳನ್ನು ಹಿರಿಯರು ಬಹುಕಾಲ ನೆನೆಯುತ್ತಿದ್ದರು. ಏರು ಬಂದಾಗ ಆ ಬಸ್ಸು ಏದುಸಿರು ಬಿಡುತ್ತಿದ್ದುದಕ್ಕೆ ಒಂದು ಕಾರಣ ಇಂಧನದ ಬಡತನವಾದರೆ, ಇನ್ನೊಂದು ಕಾರಣ ವೇಗದ ಮಿತಿ. ಎಂಜಿನ್ನು ಜೋರಾಗಿ ಎಳೆದಷ್ಟೂ ಅನಿಲವು ಇದ್ದಿಲಿನ ನಡುವೆ ನಿಲ್ಲುವ ಕಾಲ ಕಡಿಮೆಯಾಗುತ್ತದೆ. ಕ್ರಿಯೆಗೆ ಬೇಕಾದಷ್ಟು ಕಾಲ ಸಿಗದಿದ್ದರೆ ಅನಿಲ ನಿಸ್ಸಾರವಾಗುತ್ತದೆ.

ಮುಂದೆ ಈ ವೇಗವನ್ನು ಶ್ರದ್ಧೆಯಿಂದ ಅಳೆದವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು. 1974ರಲ್ಲಿ ಅಮೂಲ್ಯ ಕೆ.ಎನ್. ರೆಡ್ಡಿಯವರ ಮುಂದಾಳ್ತನದಲ್ಲಿ ಅಲ್ಲಿ 'ಅಸ್ತ್ರ' ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರ ಆರಂಭವಾಯಿತು. ಹಳ್ಳಿಗಳ ಮನೆಮನೆಯಲ್ಲಿ ಹೆಸರಾದ ಅಸ್ತ್ರ ಒಲೆ ಅಲ್ಲಿಯದೇ. ಸಂಸ್ಥೆಯ ಎಸ್. ದಾಸಪ್ಪ, ಪಿ.ಜೆ. ಪಾಲ್, ಎಚ್.ಎಸ್. ಮುಕುಂದ ಮತ್ತು ಯು. ಶ್ರೀನಿವಾಸ ಅವರು ಮರದ ಇದ್ದಿಲನ್ನು ಬೇರೆ ಬೇರೆ ಗಾತ್ರದ, ಬೇರೆ ಬೇರೆ ಸಾಂದ್ರತೆಯ ಗುಂಡುಗಳನ್ನಾಗಿ ಮಾಡಿ, ಇಂಗಾಲದ ಡೈಆಕ್ಸೈಡು ಮತ್ತು ಸಾರಜನಕದ ಮಿಶ್ರಣದಲ್ಲಿ ಬೇರೆ ಬೇರೆ ಉಷ್ಣತೆಗಳಲ್ಲಿ ಕಾಯಿಸಿ, ಅವು ಎಷ್ಟು ಹೊತ್ತಿಗೆ ಕರಗುತ್ತವೆ ಎಂಬುದನ್ನು ಅಳೆದು 1994ರಲ್ಲಿ ಪ್ರಕಟಿಸಿದರು. ಒಂದು ಗುಂಡಿನ ವರ್ತನೆ ತಿಳಿದ ಮೇಲೆ ಗುಂಡುಗಳು ತುಂಬಿದ ಇಡೀ ಹಾಸಿನ ವರ್ತನೆಯನ್ನು ಲೆಕ್ಕ ಹಾಕಬಹುದು, ಅದರಿಂದ ಯಂತ್ರದ ಎತ್ತರ, ಅಗಲ, ಗಾಳಿಯ ಪ್ರಮಾಣಗಳನ್ನು ನಿಶ್ಚಯಿಸಬಹುದು ಎಂಬುದು ಈ ಕೆಲಸದ ಹಿಂದಿನ ವಿಚಾರ.

ಅಂತಹ ಯಂತ್ರ ನಿಜವಾದ ಹಳ್ಳಿಯೊಂದರಲ್ಲಿ ನಡೆದೂ ತೋರಿಸಿತು. ವಿದ್ಯುತ್ತು ಕಾಣದಿದ್ದ ತುಮಕೂರು ಜಿಲ್ಲೆಯ ಹೊಸಹಳ್ಳಿಯಲ್ಲಿ 1988ರಲ್ಲಿ ಸೌದೆಯ ಅನಿಲ ಯಂತ್ರವನ್ನು ಸ್ಥಾಪಿಸಲಾಯಿತು. ಅದು ಡೀಸೆಲ್ಲಿನೊಡನೆ ಸೌದೆಯ ಅನಿಲವನ್ನು ಬಳಸಿ ಮನೆಗಳಿಗೆ ಬೆಳಕು, ಕುಡಿಯುವ ನೀರು, ಹಿಟ್ಟಿನ ಗಿರಣಿ, ಮುಂದೆ ನೀರಾವರಿಗೂ ಒದಗಿ, ಹದಿನಾಲ್ಕಕ್ಕೂ ಹೆಚ್ಚು ವರ್ಷ ಬಾಳಿತು. ಆ ಯಂತ್ರಕ್ಕೆ ಸೌದೆ ಬಂದದ್ದು ಕಾಡಿನಿಂದಲ್ಲ, ಅದಕ್ಕೆಂದೇ ಊರಿನಲ್ಲಿ ಬೆಳೆಸಿದ ತೋಪಿನಿಂದ. ಭದ್ರಾವತಿಯನ್ನೂ ಹೊಸಹಳ್ಳಿಯನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿ. ಎರಡರಲ್ಲಿಯೂ ನಡೆದದ್ದು ಒಂದೇ ರಾಸಾಯನಿಕ ಕ್ರಿಯೆ. ಆದರೆ ಒಂದರಲ್ಲಿ ಕುಲುಮೆಯ ವೇಗಕ್ಕೆ ಕಾಡನ್ನು ಒಗ್ಗಿಸಲಾಯಿತು, ಇನ್ನೊಂದರಲ್ಲಿ ಗಿಡ ಬೆಳೆಯುವ ವೇಗಕ್ಕೆ ಯಂತ್ರವನ್ನು ಒಗ್ಗಿಸಲಾಯಿತು.

ನಮ್ಮ ಗುಡ್ಡದ ಬೆಂಕಿ

ಈಗ ನಮ್ಮ ಸೀಮೆಗೆ ಬರೋಣ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಉದ್ಯಾನದ ಅಂದಕ್ಕೆಂದು ಭಾರತಕ್ಕೆ ತಂದ ಲಂಟಾನ, ದೇಶದ ಕಾಡುಗಳ ಸುಮಾರು 1,54,000 ಚದರ ಕಿಲೋಮೀಟರಿನಷ್ಟು ಪ್ರದೇಶವನ್ನು ಆಕ್ರಮಿಸಿದೆ ಎಂದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜು ಮಾಡಿದೆ. ಬಿಳಿಗಿರಿರಂಗನ ಬೆಟ್ಟದಲ್ಲಿ 1997ರಲ್ಲಿಯೂ 2008ರಲ್ಲಿಯೂ ಅವೇ ತಾಣಗಳನ್ನು ಪರಿಶೀಲಿಸಿದ ಸಂಶೋಧಕರು, ಲಂಟಾನ ಹಬ್ಬಿದ ತಾಣಗಳು ಹೆಚ್ಚುಕಡಿಮೆ ಇಮ್ಮಡಿಯಾದುದನ್ನು ಕಂಡರು. ಬಂಡೀಪುರದ ಸ್ಥಿತಿಯನ್ನು ಗುಂಡ್ಲುಪೇಟೆಯ ಜನರಿಗೆ ಹೇಳಬೇಕಾದುದಿಲ್ಲ. ಊಟಿಯ ರಸ್ತೆಯಲ್ಲಿ ಹೋಗುವವರಿಗೂ ಅದು ಕಾಣುತ್ತದೆ.

ಸೋಲಿಗ ಹಿರಿಯರು ಇದರ ಬಗ್ಗೆ ಹೇಳುವ ಮಾತು ಈ ಬರಹದ ವಿಷಯಕ್ಕೆ ನೇರವಾಗಿ ಸೇರಿದೆ. ಹಿಂದೆ ಬೇಸಗೆ ಬಲಿಯುವ ಮುನ್ನವೇ ಕಾಡಿನ ನೆಲದ ಒಣ ಎಲೆಗೆ ತರಗು ಬೆಂಕಿ ಇಡುತ್ತಿದ್ದರು. ವನ್ಯಜೀವಿ ಕಾನೂನು 1972ರಲ್ಲಿ ಬಂದ ಮೇಲೆ, ಅಭಯಾರಣ್ಯವಾದ ಮೇಲೆ ಅದು ನಿಂತಿತು. ನಿಂತ ಮೇಲೆ ಲಂಟಾನ ಹೆಚ್ಚಿತು ಎಂಬುದು ಅವರ ಅನುಭವ. ತರಗು ಬೆಂಕಿ ಎಂದರೆ ತೆಳುವಾದ ಇಂಧನ, ಬೇಗ ಹತ್ತಿ ಬೇಗ ಆರುವ ಉರಿ. ಒಂದು ಎಲೆಯ ಇದ್ದಿಲು ಕ್ಷಣದಲ್ಲಿ ಮುಗಿದುಹೋಗುತ್ತದೆ, ನೆಲದೊಳಗಿನ ಬೇರಿಗೆ ಬೇಗೆ ತಾಕುವಷ್ಟು ಹೊತ್ತು ಅದು ಬಾಳುವುದಿಲ್ಲ. ಲಂಟಾನದ ಮೆಳೆಯಲ್ಲಿ ಒಣಗಿದ ಕಡ್ಡಿಗಳ ರಾಶಿ ನೆಲದಿಂದ ಮರದ ಕೊಂಬೆಯವರೆಗೆ ಏಣಿಯಂತೆ ನಿಂತಿರುತ್ತದೆ. ಅಲ್ಲಿ ಹತ್ತಿದ ಬೆಂಕಿ ಮೇಲೇರುತ್ತದೆ, ಬಿದ್ದ ಕೊರಡುಗಳನ್ನು ಹಿಡಿಯುತ್ತದೆ. ಗಾತ್ರ ಮತ್ತು ಕಾಲದ ನಂಟನ್ನು ಸೋಲಿಗರು ಸೂತ್ರವಿಲ್ಲದೆಯೇ ತಿಳಿದಿದ್ದರು.

2019ರ ಫೆಬ್ರವರಿಯಲ್ಲಿ ಹಿಮವದ್ ಗೋಪಾಲಸ್ವಾಮಿ ಬೆಟ್ಟದ ಸುತ್ತ ಬಂಡೀಪುರ ಹೊತ್ತಿ ಉರಿದಾಗ ಹತ್ತು ಸಾವಿರ ಎಕರೆಗೂ ಮಿಕ್ಕ ಪ್ರದೇಶ ಸುಟ್ಟಿತೆಂದು ವರದಿಯಾಯಿತು. ಇಂತಹ ಬೆಂಕಿಯಲ್ಲಿ ಜ್ವಾಲೆ ಕಾಣುವಷ್ಟು ಹೊತ್ತಿನ ಅಪಾಯ ಒಂದು ಬಗೆಯದು, ಜ್ವಾಲೆ ಅಡಗಿದ ಮೇಲಿನ ಅಪಾಯ ಇನ್ನೊಂದು ಬಗೆಯದು. ಟೊಳ್ಳು ಕೊರಡಿನೊಳಗೆ, ಒಣ ಸಗಣಿಯಲ್ಲಿ, ಬೇರಿನ ಪೊಟರೆಯಲ್ಲಿ ಕೆಂಡ ಬೂದಿ ಹೊದ್ದು ದಿನಗಟ್ಟಲೆ ಕುಳಿತಿರುತ್ತದೆ. ಅಲ್ಲಿ ವೇಗವನ್ನು ಹಿಡಿದಿಟ್ಟಿರುವುದು ಆಮ್ಲಜನಕದ ಕೊರತೆ ಮಾತ್ರ. ಮಧ್ಯಾಹ್ನದ ಬಿರುಗಾಳಿ ಬೂದಿಯನ್ನು ಹಾರಿಸಿದೊಡನೆ ಕೊರತೆ ನೀಗುತ್ತದೆ, ಆರಿತೆಂದುಕೊಂಡ ಬೆಂಕಿ ಗೆರೆ ದಾಟುತ್ತದೆ. ಬೆಂಕಿ ಕಾವಲಿಗೆ ಹೋಗುವ ನಮ್ಮ ಹುಡುಗರಿಗೆ ಸೊಪ್ಪಿನ ಹರೆ ಕೊಟ್ಟು ಕಳಿಸುವುದರ ಜೊತೆಗೆ ಈ ಪಾಠವನ್ನೂ ಹೇಳಿ ಕಳಿಸಬೇಕು. ಕೊರಡನ್ನು ಹೊರಳಿಸಿ, ಕೆದಕಿ, ನೀರು ಇಲ್ಲವೇ ಮಣ್ಣಿನಿಂದ ತಣಿಸಿ, ಕೈ ಹತ್ತಿರ ಹಿಡಿದು ಬಿಸಿಯಿಲ್ಲವೆಂದು ಖಚಿತಪಡಿಸಿಕೊಳ್ಳುವವರೆಗೆ ಅದು ಆರಿದ ಬೆಂಕಿಯಲ್ಲ.

ಒಂದೇ ಇದ್ದಿಲಿಗೆ ಎರಡು ಬೆಲೆ

ಲಂಟಾನವನ್ನು ತೆಗೆಯಬೇಕೆಂಬುದರಲ್ಲಿ ಎರಡು ಮಾತಿಲ್ಲ. ಅದನ್ನು ಉಪಯೋಗಕ್ಕೆ ತರುವುದೂ ತಪ್ಪಲ್ಲ. ಮಲೆ ಮಹದೇಶ್ವರ ಬೆಟ್ಟದಲ್ಲಿ 2004ರಿಂದ ಲಂಟಾನದ ಕಡ್ಡಿಯಿಂದ ಪೀಠೋಪಕರಣ ಹೆಣೆಯುವ ಕಸುಬು ಬೆಳೆದುಬಂದುದನ್ನು ಎಲ್ಲರೂ ಬಲ್ಲರು. ತೊಂದರೆಯಿರುವುದು ಇದ್ದಿಲಿನ ಬಗ್ಗೆ ಹೇಳುವ ಎರಡು ಮಾತುಗಳನ್ನು ಒಟ್ಟಿಗೆ ಹೇಳಿದಾಗ. 'ಈ ಇದ್ದಿಲು ಉತ್ತಮ ಇಂಧನ' ಎಂಬುದು ಮೊದಲ ಮಾತು. 'ಈ ಇದ್ದಿಲು ಮಣ್ಣಿನಲ್ಲಿ ನೂರಾರು ವರ್ಷ ಉಳಿದು ಹವಾಮಾನವನ್ನು ಕಾಯುತ್ತದೆ' ಎಂಬುದು ಎರಡನೆಯದು.

ಚಲನವಿಜ್ಞಾನ ಬಲ್ಲವರು ಇವೆರಡನ್ನೂ ಒಂದೇ ಉಸಿರಿನಲ್ಲಿ ಹೇಳಲಾರರು. ಅನಿಲ ಮಾಡುವ ಯಂತ್ರಕ್ಕೆ ಬೇಕಾದದ್ದು ಚುರುಕಾದ ಇದ್ದಿಲು. ಮಣ್ಣಿಗೆ ಬೇಕಾದದ್ದು ಮಂದವಾದ ಇದ್ದಿಲು. ಹವಾಮಾನ ಬದಲಾವಣೆಯ ಅಂತರಸರ್ಕಾರಿ ಸಮಿತಿ 2019ರಲ್ಲಿ ಕೊಟ್ಟ ಲೆಕ್ಕದ ವಿಧಾನದಲ್ಲಿ, 350ರಿಂದ 450 ಡಿಗ್ರಿಯಲ್ಲಿ ಸುಟ್ಟ ಇದ್ದಿಲಿನ ಇಂಗಾಲದಲ್ಲಿ ನೂರು ವರ್ಷದ ಬಳಿಕ ಉಳಿಯುವ ಪಾಲು 0.65, 450ರಿಂದ 600 ಡಿಗ್ರಿಯದಕ್ಕೆ 0.80, 600 ಡಿಗ್ರಿಗೂ ಮಿಕ್ಕದ್ದಕ್ಕೆ 0.89. ಒಂದು ಉದಾಹರಣೆ ನೋಡೋಣ. ಒಂದು ಗೂಡಿನಿಂದ 200 ಕಿಲೋಗ್ರಾಂ ಇಂಗಾಲವಿರುವಷ್ಟು ಇದ್ದಿಲು ಬಂತೆನ್ನೋಣ. ಅದು ಕಡಿಮೆ ಉಷ್ಣತೆಯಲ್ಲಿ ಸುಟ್ಟದ್ದಾದರೆ ಶತಮಾನದ ಕೊನೆಗೆ ಉಳಿಯುವುದು 130 ಕಿಲೋಗ್ರಾಂ, ಹೆಚ್ಚು ಉಷ್ಣತೆಯದಾದರೆ 178 ಕಿಲೋಗ್ರಾಂ. ಅಂತರ 48 ಕಿಲೋಗ್ರಾಂ. ಇಂಗಾಲದ ಡೈಆಕ್ಸೈಡಿನ ಲೆಕ್ಕದಲ್ಲಿ 176 ಕಿಲೋಗ್ರಾಂ. ಗೂಡಿನ ಉಷ್ಣತೆಯನ್ನು ಅಳೆಯದೆ ಮಾರುವ ಇಂಗಾಲದ ಪ್ರಮಾಣಪತ್ರವು ಈ ಅಂತರವನ್ನು ನುಂಗಿಹಾಕುತ್ತದೆ. ಅದೇ ಇದ್ದಿಲನ್ನು ಉಂಡೆ ಕಟ್ಟಿ ಪೇಟೆಯ ಒಲೆಗೆ ಮಾರಿದರೆ ಉಳಿಯುವುದು ಸೊನ್ನೆ. ಆಗ ಅದರಿಂದ ಆಗುವ ಪ್ರಯೋಜನ, ಬೇರೆ ಯಾವ ಇಂಧನವನ್ನು ಅದು ಉಳಿಸಿತು ಎಂಬುದರ ಮೇಲೆ ನಿಲ್ಲುತ್ತದೆಯೇ ಹೊರತು ಹೂತಿಟ್ಟ ಇಂಗಾಲದ ಮೇಲಲ್ಲ.

ಯಂತ್ರದ ಹಸಿವನ್ನೂ ಲೆಕ್ಕ ಹಾಕಬೇಕು. ಸೌದೆಯ ಅನಿಲದಿಂದ ಒಂದು ಯೂನಿಟ್ ವಿದ್ಯುತ್ತಿಗೆ ಸಾಮಾನ್ಯವಾಗಿ ಒಂದು ಕಿಲೋಗ್ರಾಮಿಗಿಂತ ಸ್ವಲ್ಪ ಹೆಚ್ಚು ಒಣ ಸೌದೆ ಬೇಕು. 1.2 ಕಿಲೋಗ್ರಾಂ ಎಂದಿಟ್ಟುಕೊಂಡು 100 ಕಿಲೋವಾಟಿನ ಯಂತ್ರವನ್ನು ದಿನಕ್ಕೆ 20 ಗಂಟೆ, ವರ್ಷಕ್ಕೆ 300 ದಿನ ನಡೆಸಿದರೆ 720 ಟನ್ನು ಒಣ ಸೌದೆ ಬೇಕಾಗುತ್ತದೆ. ಮೊದಲ ವರ್ಷ ಅದು ಲಂಟಾನ. ರಸ್ತೆಯ ಹತ್ತಿರದ ಲಂಟಾನ ಮುಗಿದ ಮೇಲೆ? ಸಾಲ ಮಾಡಿ ಕೊಂಡ ಯಂತ್ರ ಹಸಿದು ನಿಂತಿರುವಾಗ ದಿಂಡಿಲನ್ನೂ ಮತ್ತಿಯನ್ನೂ ಅದರ ಬಾಯಿಯಿಂದ ಕಾಯುವವರು ಯಾರು?

ಎರಡು ಆಕ್ಷೇಪಗಳು

ಈ ವಾದಕ್ಕೆ ಎರಡು ಕಡೆಯಿಂದ ಆಕ್ಷೇಪ ಬರುವುದು ಸಹಜ. ಯೋಜನೆ ತರುವವರು ಹೇಳುತ್ತಾರೆ: ಇದು ಪ್ರಯೋಗಾಲಯದ ವಿಷಯ, ತಜ್ಞರು ನೋಡಿಕೊಳ್ಳುತ್ತಾರೆ, ಊರಿನವರಿಗೆ ಕೂಲಿ ಸಿಕ್ಕರೆ ಸಾಕಲ್ಲವೇ? ಕೂಲಿ ಬೇಕು, ನಿಜ. ಗುಂಡ್ಲುಪೇಟೆಯ ಒಣ ಬೇಸಾಯವನ್ನು ಬಲ್ಲ ಯಾರೂ ಅದನ್ನು ಹಗುರವಾಗಿ ಕಾಣಲಾರರು. ಆದರೆ ಯಂತ್ರ ಎರಡನೆಯ ವರ್ಷ ಡಾಂಬರು ಕಟ್ಟಿ ನಿಂತರೆ ಮೊದಲು ನಿಲ್ಲುವುದೂ ಆ ಕೂಲಿಯೇ. ತೇವದ ಸೌದೆ, ತಣಿದ ಹಾಸು, ಅರೆಬೆಂದ ಅನಿಲ, ಎಂಜಿನ್ನಿಗೆ ಮೆತ್ತುವ ಡಾಂಬರು, ಇವು ಒಂದಕ್ಕೊಂದು ಸರಪಳಿಯ ಕೊಂಡಿಗಳು. ಅದನ್ನು ಮೊದಲೇ ಅಳೆಯುವುದು ತಜ್ಞರ ಮೇಲಿನ ಅವಿಶ್ವಾಸವಲ್ಲ, ದುಡಿಯುವವರ ಮೇಲಿನ ಕಾಳಜಿ. ಮೇಲಾಗಿ, 2011ರಲ್ಲಿ ಬಿಳಿಗಿರಿರಂಗನ ಬೆಟ್ಟದ ಸೋಲಿಗರ 25 ಗ್ರಾಮಸಭೆಗಳಿಗೆ ಅರಣ್ಯ ಹಕ್ಕು ಕಾಯ್ದೆಯಂತೆ ಸಮುದಾಯ ಹಕ್ಕು ದೊರೆತಿದೆ. ಹಕ್ಕು ಇರುವಲ್ಲಿ ಪ್ರಶ್ನಿಸುವ ಹೊಣೆಯೂ ಇದೆ.

ಇನ್ನೊಂದು ಆಕ್ಷೇಪ ನಮ್ಮ ಗೆಳೆಯರಿಂದಲೇ ಬರುತ್ತದೆ: ಇದ್ದಿಲೆಂದರೆ ಕಾಡಿನ ನಾಶ, ಅದರ ವಿಜ್ಞಾನವನ್ನು ಕಲಿಸುವುದೆಂದರೆ ನಾಶಕ್ಕೆ ದಾರಿ ತೋರಿಸಿದಂತೆ. ಈ ಭಯಕ್ಕೆ ಇತಿಹಾಸದ ಆಧಾರವಿದೆ, ಭದ್ರಾವತಿಯ ಕಥೆಯೇ ಸಾಕ್ಷಿ. ಆದರೆ ಅರಿಯದಿರುವುದರಿಂದ ಕಾಡು ಉಳಿಯುವುದಿಲ್ಲ. ಒಲೆಯಲ್ಲಿ ಚೆಲ್ಲಿಹೋಗುವ ಇಂಗಾಲವನ್ನು ಉರಿಸಲು ಬಲ್ಲ ಮನೆಗೆ ಕಡಿಮೆ ಸೌದೆ ಸಾಕು, ಕಾಡಿನಿಂದ ಹೊರೆ ಹೊತ್ತು ಬರುವ ಹೆಣ್ಣುಮಕ್ಕಳ ತಲೆಯ ಭಾರವೂ ಕಡಿಮೆ. ಅದೇ ವಿಜ್ಞಾನ ಬೇಡದ ಯೋಜನೆಯನ್ನು ಅಂಕಿಗಳ ಸಮೇತ ಬೇಡವೆನ್ನುವ ಬಲವನ್ನೂ ಕೊಡುತ್ತದೆ. ಘೋಷಣೆಯನ್ನು ಕಡತದಲ್ಲಿ ಮುಚ್ಚಿಡುವುದು ಸುಲಭ, ಲೆಕ್ಕಕ್ಕೆ ಲೆಕ್ಕದಿಂದಲೇ ಉತ್ತರ ಕೊಡಬೇಕಾಗುತ್ತದೆ.

ವಿದ್ಯಾರ್ಥಿಗಳಿಗೆ ಕೆಲಸ

ಆದ್ದರಿಂದ ನಮ್ಮ ಬೇಡಿಕೆ ಸರಳವಾದುದು. ಚಾಮರಾಜನಗರ ಮತ್ತು ಗುಂಡ್ಲುಪೇಟೆಯ ಕಾಲೇಜುಗಳ ರಸಾಯನಶಾಸ್ತ್ರ ವಿಭಾಗಗಳು, ಚಾಮರಾಜನಗರದ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು, ತಮ್ಮ ವಿದ್ಯಾರ್ಥಿಗಳ ಯೋಜನಾ ಕಾರ್ಯಗಳಲ್ಲಿ ಈ ವಿಷಯವನ್ನು ಸೇರಿಸಿಕೊಳ್ಳಲಿ. ಕುಲುಮೆಯೊಳಗೆ ತಕ್ಕಡಿಯಿಂದ ಇದ್ದಿಲನ್ನು ತೂಗುಹಾಕಿ, ಗೊತ್ತಾದ ಅನಿಲವನ್ನು ಹರಿಸಿ, ತೂಕ ಇಳಿಯುವುದನ್ನು ಕ್ಷಣಕ್ಷಣಕ್ಕೂ ಬರೆದುಕೊಳ್ಳುವುದು ಇದರ ಮೂಲ ವಿಧಾನ. ಲಂಟಾನದ ದಪ್ಪ ಕಾಂಡ, ಎಳೆ ಕಡ್ಡಿ, ತೆಂಗಿನ ಚಿಪ್ಪು, ಬಿದಿರು, ಇವುಗಳ ಇದ್ದಿಲನ್ನು ಬೇರೆ ಬೇರೆ ಉಷ್ಣತೆಯಲ್ಲಿ ತಯಾರಿಸಿ ಹೋಲಿಸಲಿ. ಬಂದ ಅಂಕಿಗಳನ್ನು ಕನ್ನಡದಲ್ಲಿ ಬರೆದು ಗ್ರಾಮಸಭೆಯ ಮುಂದಿಡಲಿ.

ಪ್ರೌಢಶಾಲೆಯ ಮಕ್ಕಳೂ ಗುರುಗಳ ಸಮ್ಮುಖದಲ್ಲಿ, ಬಯಲಿನಲ್ಲಿ, ಹತ್ತಿರ ನೀರಿಟ್ಟುಕೊಂಡು ಸಣ್ಣ ಪ್ರಯೋಗ ಮಾಡಬಹುದು. ಒಂದೇ ಮರದ ಇದ್ದಿಲಿನಲ್ಲಿ ಒಂದು ತುಂಡು ಇನ್ನೊಂದರ ಎರಡರಷ್ಟು ದಪ್ಪವಿರುವಂತೆ ಉರುಟಾಗಿ ಕೆತ್ತಿ, ಜಾಲರಿಯ ಮೇಲೆ ಒಂದೇ ಬಗೆಯಾಗಿ ಹೊತ್ತಿಸಿ, ಬೂದಿಯಾಗುವ ಹೊತ್ತನ್ನು ಗಡಿಯಾರದಲ್ಲಿ ನೋಡಲಿ. ಎರಡರಷ್ಟು ದಪ್ಪದ ತುಂಡಿಗೆ ಎರಡು ಪಟ್ಟಲ್ಲ, ನಾಲ್ಕು ಪಟ್ಟಿನ ಹತ್ತಿರದಷ್ಟು ಕಾಲ ಹಿಡಿದರೆ, ಗಾಳಿ ಬಂದು ಸೇರುವುದೇ ಅಲ್ಲಿನ ತಡೆ ಎಂದು ಅವರಿಗೆ ತಾವಾಗಿ ಹೊಳೆಯುತ್ತದೆ. ಯೋಜನೆ ತಂದವರನ್ನು 'ತುಂಡಿನ ಗಾತ್ರ ಎಷ್ಟು?' ಎಂದು ನಾಳೆ ಕೇಳಲು ಆ ಮಗು ಅರ್ಹತೆ ಪಡೆದಿರುತ್ತದೆ.

ಇಲ್ಲಿಯೇ ಒಂದು ಎಚ್ಚರಿಕೆಯನ್ನೂ ಹೇಳಬೇಕು. ಕಾದ ಇದ್ದಿಲಿನ ಹಾಸಿನಲ್ಲಿ ಡೈಆಕ್ಸೈಡು ಮಾನಾಕ್ಸೈಡಾಗುವ ಕ್ರಿಯೆ ಕುಲುಮೆಯಲ್ಲಿ ಮಾತ್ರ ನಡೆಯುವುದಲ್ಲ. ಚಳಿಗೆಂದು ಮನೆಯೊಳಗಿಟ್ಟ ಅಗ್ಗಿಷ್ಟಿಕೆಯಲ್ಲಿಯೂ ನಡೆಯುತ್ತದೆ. ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ನೆತ್ತರಿನ ಹಿಮೋಗ್ಲೋಬಿನ್ನನ್ನು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಹಿಡಿಯುತ್ತದೆ. ಹೊಗೆ ನಿಂತ ಕೆಂಡ ನಿರಪಾಯವೆಂದು ನಂಬಿ ಬಾಗಿಲು ಕಿಟಕಿ ಮುಚ್ಚಿ ಮಲಗಿದವರು ಬೆಳಿಗ್ಗೆ ಏಳದಿರುವುದುಂಟು. ಬೆಟ್ಟದ ಊರುಗಳಲ್ಲಿ ಮಾಗಿಯ ಚಳಿ ಎಷ್ಟೇ ಇರಲಿ, ಕೆಂಡವನ್ನು ಹೊರಗಿಟ್ಟೇ ಮಲಗಬೇಕು. ಇದನ್ನು ಓದಿದ ವಿದ್ಯಾರ್ಥಿಗಳು ಮನೆಯ ಹಿರಿಯರಿಗೆ ಇಂದೇ ಹೇಳಲಿ.

ಊರಿನ ಮುಂದೆ ಯೋಜನೆ ಬಂದ ದಿನ ಐದು ಪ್ರಶ್ನೆಗಳನ್ನು ಕೇಳೋಣ. ಇದ್ದಿಲನ್ನು ಎಷ್ಟು ಡಿಗ್ರಿಯಲ್ಲಿ ಸುಡುತ್ತೀರಿ, ಅದನ್ನು ಯಾವುದರಿಂದ ಅಳೆಯುತ್ತೀರಿ? ಯಾವ ಗಿಡದ, ಎಷ್ಟು ದಪ್ಪದ, ಎಷ್ಟು ತೇವದ ಸೌದೆಯ ಮೇಲೆ ಕ್ರಿಯಾವೇಗವನ್ನು ಅಳೆದಿದ್ದೀರಿ? ಈ ಇದ್ದಿಲು ಉರಿಯುವುದಕ್ಕೋ, ಅನಿಲವಾಗುವುದಕ್ಕೋ, ಮಣ್ಣಿನಲ್ಲಿ ಉಳಿಯುವುದಕ್ಕೋ? ಡಾಂಬರು ಮತ್ತು ತೊಳೆದ ನೀರು ಯಾವ ಹಳ್ಳಕ್ಕೆ ಹೋಗುತ್ತವೆ? ಲಂಟಾನ ಮುಗಿದ ದಿನ ಯಂತ್ರವನ್ನು ನಿಲ್ಲಿಸುತ್ತೀರಾ? ಈ ಐದಕ್ಕೂ ಬರಹದಲ್ಲಿ ಉತ್ತರ ಬಂದರೆ, ಆ ಉತ್ತರಗಳನ್ನು ನಮ್ಮ ಮಕ್ಕಳು ತಕ್ಕಡಿ ಹಿಡಿದು ಪರೀಕ್ಷಿಸಿ ಸರಿಯೆಂದರೆ, ಆಗ ಒಪ್ಪಿಗೆಯ ಮಾತನಾಡೋಣ. ಅಲ್ಲಿಯವರೆಗೆ ಗ್ರಾಮಸಭೆಯ ನಡಾವಳಿ ಪುಸ್ತಕದಲ್ಲಿ ಸಹಿಯ ಜಾಗ ಖಾಲಿಯಾಗಿಯೇ ಇರಲಿ.